ಹೆಣೆದೋರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಬೆಂಗಳೂರಲ್ಲಿ ಈಗ ಎಲ್ಲಿ ನೋಡಿದ್ರೂ ಕಸದಿಂದ ಕಲೆ ಎಕ್ಸಿಬಿಷನ್ನು, ನಂಗೆ ಖುಷಿನೇ, 2014ರಲ್ಲಿ ನಮ್ಮ ಕಸ ಬೀಳ್ತಿದ್ದ ಮಂಡೂರು ಹಳ್ಳಿ ಜನ ನಿಮ್ಮೂರ ಕಸ ನಮಗೆ ಬೇಡ ಅಂತ ಬೀದಿಗಿಳಿದಿದ್ದನ್ನ ನೋಡಿದೋರಿಗೆ ಒಂದು ಕವರ್ ಕಸಕ್ಕೆ ಹೋಗದೆ ಉಳಿದ್ರೂ ಅಷ್ಟು ಉಳೀತು ಅನ್ಸುತ್ತೆ. ಆದ್ರೆ ಒಂದು ವಿಷಯ ಹೇಳ್ಲೇಬೇಕು.

ಮೊನ್ನೆ ಒಂದು ಗ್ಯಾಲರೀಲಿ, ಫ್ರಿಜ್ ಟಿವಿ ಬಾಕ್ಸಿಗೆ ಬಿಗಿತಾರಲ್ಲ ಆ ಪ್ಯಾಕಿಂಗ್ ಪಟ್ಟಿಯಿಂದ ಹೆಣೆದ ಲ್ಯಾಂಪ್ ಶೇಡ್ ಇಟ್ಟಿದ್ರು. ಹತ್ರ ಹೋಗಿ ನೋಡಿದ್ರೆ ಥೇಟ್ ಮೇದರ ಬುಟ್ಟಿ ಹೆಣಿಗೆ, ಎರಡು ಎಳೆ ಮೇಲೆ ಎರಡು ಎಳೆ ಕೆಳಗೆ, ಅಂಚು ಮಡಚಿ ತುದಿ ಒಳಗೆ ಸಿಗಿಸಿರೋದೂ ಹಾಗೇ. ಬಿದಿರಾದ್ರೆ ನೀರಲ್ಲಿ ನೆನೆಹಾಕಿದ್ರೆ ಬಗ್ಗುತ್ತೆ, ಈ ಪಟ್ಟಿ ನೆನೆಯಲ್ಲ, ಕೈ ಬಿಟ್ರೆ ಚಿಮ್ಮಿ ನೆಟ್ಟಗಾಗುತ್ತೆ, ಒಂದೊಂದು ಸಾಲೂ ಅದುಮಿ ಹಿಡ್ಕೊಂಡೇ ಬಿಗಿ ಮಾಡ್ಬೇಕು. ಅಷ್ಟು ಪಳಗಿದ ಕೈ ಯಾರದು ಅಂತ ಪಕ್ಕದ ಕಾರ್ಡ್ ನೋಡಿದ್ರೆ ಡಿಸೈನರ್ ಹೆಸರು ದಪ್ಪಕ್ಷರದಲ್ಲಿ, ಹೆಣೆದೋರು ಬರೀ "ಸ್ಥಳೀಯ ಕುಶಲಕರ್ಮಿಗಳು". ರೇಟು ಮಾತ್ರ ಸಾವಿರಗಳಲ್ಲಿ. ಹೊಟ್ಟೆ ಉರೀತು.

ಡಿಸೈನರ್ ಕೆಲಸ ಸಣ್ಣದು ಅಂತಲ್ಲ. ಆದ್ರೆ ಬಿಸಾಕೋದನ್ನ ಬಳಸೋ ಬುದ್ಧಿ ಗ್ಯಾಲರೀಲಿ ಹುಟ್ಟಿದ್ದಲ್ಲ ಸ್ವಾಮಿ, ಉತ್ತರ ಕರ್ನಾಟಕದ ಹೆಣ್ಮಕ್ಕಳು ಹರಿದ ಸೀರೆ ಧೋತರ ಪದರ ಪದರ ಇಟ್ಟು ಕೌದಿ ಹೊಲ್ಕೊಂಡು ಬಂದೋರು, ಹಳಿಯಾಳ ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಹೆಂಗಸರು ಈಗ್ಲೂ ಅಂಚಿಂದ ಹಿಡಿದು ಸುತ್ತ ಹೊಲೀತಾ ಹೊಲೀತಾ ನಡುವಿಗೆ ಬರ್ತಾರೆ.

ಇನ್ನೊಂದು, ಎಲ್ಲಾ ಕಸಾನೂ ಕಲೆಗೆ ಎಳ್ಕೋಬೇಡಿ. ನೀರಿನ ಬಾಟಲಿಗೆ ಗುಜರೀಲಿ ದುಡ್ಡಿದೆ, ಚಿಂದಿ ಆಯೋರ ಅನ್ನ ಅದು, ಅದನ್ನ ಬಿಟ್ಬಿಡಿ. ಚಿಪ್ಸ್ ಪ್ಯಾಕೆಟ್ಟು ಹಾಗಲ್ಲ, ಪ್ಲಾಸ್ಟಿಕ್ಕಿಗೆ ಅಲ್ಯುಮಿನಿಯಂ ಅಂಟ್ಕೊಂಡಿರುತ್ತೆ, ಬೇರೆ ಮಾಡೋದು ಕಷ್ಟ, ಗುಜರಿಯೋರೂ ಮುಟ್ಟಲ್ಲ. ತೊಳೆದು ಒಣಗಿಸಿ ಉದ್ದಕ್ಕೆ ಸೀಳಿದ್ರೆ ಚೆನ್ನಾಗಿ ಹೆಣೀಬಹುದು. ವಾರ್ಡಿನ ಒಣಕಸ ಸಂಗ್ರಹ ಕೇಂದ್ರದಲ್ಲಿ ಇಂಥದ್ದನ್ನೂ ಪ್ಯಾಕಿಂಗ್ ಪಟ್ಟಿನೂ ಬೇರೆ ಎತ್ತಿಟ್ಟು, ಹೆಣೆಯೋರು ಬಂದು ಕೇಳಿದ್ರೆ ಕೊಡೋ ವ್ಯವಸ್ಥೆ ಪಾಲಿಕೆಯೋರು ಮಾಡ್ಲಿ.

ಜನವರೀಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತಲ್ಲ, ಅಲ್ಲಿ ಮೇದರಿಗೂ ಕೌದಿ ಹೊಲಿಯೋರಿಗೂ ಅವರವರ ಹೆಸರಲ್ಲೇ ಜಾಗ ಸಿಗ್ಲಿ. ಗ್ಯಾಲರಿಯೋರು ಕಾರ್ಡಲ್ಲಿ ಹೆಣೆದೋರ ಹೆಸರು, ಊರು ಹಾಕ್ಲಿ, ಮಾರಿದ ದುಡ್ಡಲ್ಲಿ ಅವರಿಗೆಷ್ಟು ಹೋಯ್ತು ಅಂತ್ಲೂ ಬರೀಲಿ, ಕೊಳ್ಳೋರು ನಾವೂ ದುಡ್ಡು ಕೊಡೋ ಮುಂಚೆ ಅದನ್ನ ಬಾಯಿಬಿಟ್ಟು ಕೇಳೋಣ.

ಇಂತಿ,
ನಿಮ್ಮ ಓದುಗ, ರಾಜಾಜಿನಗರ, ಬೆಂಗಳೂರು