ಪೆನ್ಸಿಲ್ ಎತ್ತಿಡು, ಕತ್ತರಿ ಕೊಡು

ಲಂಡನ್

ಪ್ರೀತಿಯ ಅಕ್ಕ,

ನಾನು ಕ್ಷೇಮ. ಅಪ್ಪ, ಅಮ್ಮ, ಭಾವ ಎಲ್ಲರಿಗೂ ನಮಸ್ಕಾರ ಹೇಳು. ಪುಟ್ಟಿ "ನಂಗೆ ಚಿತ್ರ ಬರಲ್ಲ" ಅಂತ ಡ್ರಾಯಿಂಗ್ ಪುಸ್ತಕ ಮುಚ್ಚಿಟ್ಟಿದ್ದಾಳೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ.

ಬರದಿದ್ದರೆ ಬಿಡಲಿ. ಪೆನ್ಸಿಲ್ ಎತ್ತಿಡು, ಕತ್ತರಿ ಕೊಡು.

ಇಲ್ಲಿನ ಟೇಟ್ ಮ್ಯೂಸಿಯಂನವರ ಹತ್ತಿರ ಫ್ರೆಂಚ್ ಚಿತ್ರಕಾರ ಆನ್ರಿ ಮತೀಸ್ ಮಾಡಿದ ‘ಬಸವನಹುಳು’ ಅನ್ನುವ ಚಿತ್ರ ಇದೆ. 1953ರದ್ದು. ಅಗಲ, ಎತ್ತರ ಎರಡೂ 9 ಅಡಿಗಿಂತ ಜಾಸ್ತಿ. ಹುಳು ಎಲ್ಲಿದೆ ಅಂತ ಹುಡುಕಬೇಕು. ಬಣ್ಣದ ಕಾಗದದ ತುಂಡುಗಳು ಸುರುಳಿಯ ಹಾಗೆ ಸುತ್ತಿಕೊಂಡಿವೆ, ಅಷ್ಟೇ. ಇದೇನು ಮಹಾ ಅಂತ ನಾನೂ ಮೊದಲು ಮೂಗು ಮುರಿದೆ. ಆಮೇಲೆ ಗೊತ್ತಾಯಿತು: 1941ರಲ್ಲಿ ದೊಡ್ಡ ಆಪರೇಷನ್ ಆದಮೇಲೆ ಮತೀಸ್‌ಗೆ ನಿಂತು ಪೇಂಟ್ ಮಾಡುವುದು ಕಷ್ಟವಾಯಿತು. ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕೂತು ಕಾಗದ ಕತ್ತರಿಸತೊಡಗಿದರು. ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದವರು ಸಹಾಯಕರು. ತುಂಡುಗಳನ್ನು ಗೋಡೆಗೆ ಪಿನ್ ಚುಚ್ಚಿ, ಮತೀಸ್ ಹೇಳಿದಂತೆ ಅತ್ತ ಇತ್ತ ಸರಿಸಿ ನೋಡುತ್ತಿದ್ದರು. ಅಂಟು ಕೊನೆಗೆ.

ಪುಟ್ಟಿಯೂ ಹಾಗೇ ಮಾಡಲಿ. ಬಣ್ಣದ ಕಾಗದ ಕೊಳ್ಳಬೇಡ, ಬಿಳಿ ಹಾಳೆಗೆ ಅವಳೇ ಪೋಸ್ಟರ್ ಕಲರ್ ಬಳಿಯಲಿ. ಬ್ರಷ್ಷಿನ ಗೆರೆ ಕಾಣಬೇಕು, ಚೆಂದ ಇರುವುದೇ ಅದರಲ್ಲಿ. ನೀರು ಜಾಸ್ತಿಯಾದರೆ ಹಾಳೆ ಸುರುಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗಿಡು. ಕತ್ತರಿ ಹಿಡಿದ ಕೈ ಇದ್ದಲ್ಲೇ ಇರಲಿ, ಇನ್ನೊಂದು ಕೈ ಕಾಗದವನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಲಿ. ಬಳುಕು ತಾನಾಗಿ ಬರುತ್ತದೆ. ಕೆಳಗೆ ಬಿದ್ದ ಚೂರುಗಳನ್ನು ಮಾತ್ರ ಗುಡಿಸಿಬಿಡಬೇಡ ಮಾರಾಯ್ತಿ! ಎಷ್ಟೋ ಸಲ ಕತ್ತರಿಸಿದ ಎಲೆಗಿಂತ ಎಲೆ ಹೋದಮೇಲೆ ಉಳಿದ ತೂತಿನ ಕಾಗದವೇ ಚೆನ್ನಾಗಿರುತ್ತದೆ.

ಇದು ಬೇಜಾರಾದರೆ ಡಚ್ ಚಿತ್ರಕಾರ ಪೀಟ್ ಮಾಂಡ್ರಿಯನ್ ಇದ್ದಾರೆ. ಕಪ್ಪು ಗೆರೆ, ನಡುವೆ ಕೆಂಪು, ಹಳದಿ, ನೀಲಿ. ಸುಲಭ ಅನ್ನಿಸುತ್ತದೆ, ಅಲ್ವಾ? ನಾನು ಸ್ಕೇಲ್ ಇಟ್ಟು ಎಲ್ಲ ಗೆರೆಯನ್ನೂ ಒಂದೇ ದಪ್ಪಕ್ಕೆ ಎಳೆದೆ. ಕಿಟಕಿ ಸರಳಿನ ಹಾಗೆ ಕಂಡಿತು. ಅವರ 1930ರ ಚಿತ್ರವೊಂದನ್ನು ಮತ್ತೆ ನೋಡಿದೆ. ಗೆರೆಗಳು ಒಂದೇ ದಪ್ಪ ಇಲ್ಲ. ಕೆಂಪು ಹೆಚ್ಚುಕಮ್ಮಿ ಇಡೀ ಚಿತ್ರವನ್ನೇ ನುಂಗಿದೆ, ನೀಲಿ ಕೆಳಗೆ ಒಂದು ಮೂಲೆಯಲ್ಲಿ, ಹಳದಿ ಇನ್ನೊಂದು ಮೂಲೆಯಲ್ಲಿ ಚೂರೇ ಚೂರು. ಹಾಗಾಗಿ ಗೆರೆ ಎಳೆಸಬೇಡ. ಕಪ್ಪು ಕಾಗದವನ್ನು ಬೇರೆ ಬೇರೆ ಅಗಲದ ಪಟ್ಟಿ ಮಾಡಿಕೊಡು, ಅವಳು ಸರಿಸಾಡಲಿ. ನ್ಯೂಯಾರ್ಕಿಗೆ ಹೋದಮೇಲೆ ಮಾಂಡ್ರಿಯನ್ ಕೂಡ ಬಣ್ಣದ ಟೇಪ್ ಅಂಟಿಸಿ, ಕಿತ್ತು, ಜಾಗ ಬದಲಿಸಿ ನೋಡುತ್ತಿದ್ದರು.

ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ವಿಷಯ ಸದ್ಯಕ್ಕೆ ಅವಳ ಕಿವಿಗೆ ಹಾಕಬೇಡ. ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಕಡ್ಡಿಯಿಂದ ಬಣ್ಣ ತೊಟ್ಟಿಕ್ಕಿಸುತ್ತಿದ್ದ ಪುಣ್ಯಾತ್ಮ. ನಾನು ಸುಮ್ನೆ ಒಂದು ಕೈ ನೋಡೋಣ ಅಂತ ಹೋಗಿ, ಬಾಡಿಗೆ ಮನೆಯ ಕಾರ್ಪೆಟ್ ಮೇಲೆ ಒಂದು ಹಳದಿ ಚಿತ್ರ ಮಾಡಿಟ್ಟಿದ್ದೇನೆ. ಸದ್ಯಕ್ಕೆ ಅದರ ಮೇಲೆ ಕುರ್ಚಿ ಇದೆ.

ಪುಟ್ಟಿ ಮಾಡಿದ್ದನ್ನು ಅಂಟಿಸುವ ಮೊದಲು ಒಂದು ಫೋಟೊ ಕಳಿಸು, ಅಂಟಿಸಿದ ಮೇಲೆ ಒಂದು. "ಇದೇನು ಪುಟ್ಟಿ?" ಅಂತ ಮಾತ್ರ ಕೇಳಬೇಡ. ಹೆಸರು ಅವಳೇ ಇಡಲಿ.

ನಿನ್ನ ತಮ್ಮ