ಶಾಸಕರೇ, ಬಾಗಿಲಿರುವ ಒಂದು ಕೋಣೆ ಕೊಡಿಸಿ

ಮಾನ್ಯ ಶಾಸಕರಿಗೆ,

ನಮಸ್ಕಾರ ಸಾಹೇಬ್ರೆ. ನಾನು ಕಲಬುರಗಿ ಜಿಲ್ಲೆಯವನು, ನಿಮ್ಮದೇ ಕ್ಷೇತ್ರದ ಮತದಾರ. ಹಗಲು ತೊಗರಿ ಬೇಳೆ ಮಿಲ್ಲಿನಲ್ಲಿ ಚೀಲ ಹೊಲಿಯುತ್ತೇನೆ. ಸಂಜೆ ಆರರ ಮೇಲೆ ಪೀರ್ ಎಜುಕೇಟರ್. ಗಂಡಸರ ಸಂಗ ಮಾಡುವ ನನ್ನಂಥ ಗಂಡಸರನ್ನು, ಮಂಗಳಮುಖಿಯರನ್ನು, ಜೋಗಪ್ಪಗಳನ್ನು ಬಸ್ ಸ್ಟ್ಯಾಂಡಿನ ಹಿಂದೆ, ಜಾತ್ರೆ ಉರುಸುಗಳಲ್ಲಿ ಹುಡುಕಿ ಮಾತಾಡಿಸುತ್ತೇನೆ. ಕಾಂಡೋಮ್, ಜೆಲ್ಲಿ ಕೊಡುತ್ತೇನೆ. ಆರು ತಿಂಗಳಿಗೊಮ್ಮೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಒಂಬತ್ತು ವರ್ಷವಾಯಿತು.

ಮೂರು ಸಲ ಮನವಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲು ಬಿದ್ದಿದೆ, ಉತ್ತರ ಒಂದಕ್ಕೂ ಬಂದಿಲ್ಲ. ಅದಕ್ಕೇ ಈಗ ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: ನಮ್ಮ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ, ಸಂಜೆ ಐದರಿಂದ ಎಂಟರವರೆಗೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಒಳಗೆ ಒಬ್ಬ ಡಾಕ್ಟರ್, ಒಬ್ಬ ಆಪ್ತ ಸಮಾಲೋಚಕರು.

ಯಾಕೆ ಅಂತ ಹೇಳುತ್ತೇನೆ. ಕಳೆದ ವರ್ಷ ಒಬ್ಬ ಹುಡುಗನನ್ನು ಕರೆದೊಯ್ದಿದ್ದೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಬಿಟ್ಟಿದ್ದೇನೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕೆಳಗೆ ಒಂದು ಹುಣ್ಣಾಗಿತ್ತು, ನೋವಿರಲಿಲ್ಲ. ನೋವಿಲ್ಲದ ಹುಣ್ಣು ಅಂದರೆ ನನಗೆ ಎದೆ ಧಸಕ್ಕೆನ್ನುತ್ತದೆ, ಸಿಫಿಲಿಸ್ ಹಾಗೇ ಬರುವುದು. ಹದಿನೈದು ದಿನ ಬೆನ್ನು ಬಿದ್ದು ಒಪ್ಪಿಸಿದೆ. ಅರ್ಧ ದಿನದ ಕೂಲಿ ಬಿಟ್ಟು ಬಂದ.

ಆಸ್ಪತ್ರೆಯಲ್ಲಿ ಆ ಹೊತ್ತು ಮೂವತ್ತು ಜನರ ಸಾಲು. ಕೌಂಟರಿನಿಂದ ಒಬ್ಬರು ಕೂಗಿದರು: "ಆ ಸಂಘದವ್ರು ಕರ್ಕೊಂಡ್ ಬಂದ ಗುಪ್ತರೋಗದ ಹುಡುಗ ಯಾಂವ ಅದಾನ, ಮುಂದ ಬಾ." ಸಾಲಿನಲ್ಲಿ ಅವನ ಓಣಿಯ ಹೆಂಗಸೊಬ್ಬಳು ಕೂಸು ಎತ್ತಿಕೊಂಡು ನಿಂತಿದ್ದಳು. ಅವನು ನನ್ನ ಮುಖ ನೋಡಿದ. ಆ ನೋಟ ಇವತ್ತಿಗೂ ಮರೆತಿಲ್ಲ.

ಡಾಕ್ಟರ ಮುಂದೆ ಬಾಗಿಲಿಲ್ಲ, ಪರದೆಯೂ ಇಲ್ಲ. "ಹೆಂಗಸ್ರ ಹತ್ರ ಹೋಗಿದ್ದೇನು?" ಅಂತ ಕೇಳಿದರು. "ಇಲ್ರಿ" ಅಂದ. ಅವನು ಸುಳ್ಳು ಹೇಳಲಿಲ್ಲ ಸಾಹೇಬ್ರೆ. ಗಂಡಸರ ಮಾತು ಯಾರೂ ಕೇಳಲಿಲ್ಲ, ಆ ಸಾಲಿನ ಮುಂದೆ ಅವನು ತಾನಾಗಿ ಹೇಳುವ ಹಾಗೂ ಇರಲಿಲ್ಲ. ಹುಣ್ಣು ನೋಡಲೇ ಇಲ್ಲ, ರಕ್ತ ಪರೀಕ್ಷೆಗೂ ಬರೆಯಲಿಲ್ಲ. ಹಚ್ಚಿಕೊಳ್ಳಲು ಒಂದು ಮುಲಾಮು ಕೊಟ್ಟರು. ಹೊರಗೆ ಬಂದವನು ನನ್ನ ಫೋನ್ ಎತ್ತುವುದನ್ನೇ ಬಿಟ್ಟ.

ಹುಣ್ಣು ತಾನಾಗಿಯೇ ಮಾಯಿತು. ಈ ರೋಗದ ಮೋಸ ಅದೇ. ಚಿಕಿತ್ಸೆ ಇಲ್ಲದೆಯೂ ಕೆಲವೇ ವಾರಗಳಲ್ಲಿ ಹುಣ್ಣು ಹೋಗುತ್ತದೆ, ರೋಗ ರಕ್ತದಲ್ಲಿ ಉಳಿಯುತ್ತದೆ. ಮೂರು ತಿಂಗಳ ಮೇಲೆ ಸಂತೆಯಲ್ಲಿ ಸಿಕ್ಕಾಗ ಅಂಗೈ ತೋರಿಸು ಅಂದೆ. ತಾಮ್ರದ ಬಣ್ಣದ ಚುಕ್ಕೆಗಳು. ಅಂಗಾಲಿನಲ್ಲೂ ಇದ್ದವು. ಹೀಟಿಗೆ ಆಗಿದೆ ಅಂದ.

ಅಷ್ಟರೊಳಗೆ ಅವನ ಹೆಂಡತಿಗೆ ಐದು ತಿಂಗಳು. ಬಸುರಿಯರಿಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಸಿಫಿಲಿಸ್ ಪಾಸಿಟಿವ್ ಬಂತು. ಅದೇ ಆಸ್ಪತ್ರೆ! ಮುಂಬಾಗಿಲಲ್ಲಿ ನಾಚಿಕೆ ಮಾಡಿಸಿ ಓಡಿಸಿದ ರೋಗವೇ ಹೆರಿಗೆ ವಾರ್ಡಿನ ಬಾಗಿಲಿಂದ ವಾಪಸ್ ಬಂತು. ಹೊಟ್ಟೆಯಲ್ಲಿದ್ದ ಕೂಸಿಗೂ ಹತ್ತಬಹುದಿತ್ತು, ಕೂಸು ಸತ್ತೇ ಹುಟ್ಟಬಹುದಿತ್ತು. ಪುಣ್ಯಕ್ಕೆ ಒಬ್ಬ ನರ್ಸಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ, ದನಿ ಎತ್ತದೆ ಮಾತಾಡಿ, ಇಬ್ಬರಿಗೂ ಬೆಂಜಥಿನ್ ಪೆನಿಸಿಲಿನ್ ಸೂಜಿ ಹಾಕಿಸಿದರು. ಕೂಸು ಚೆನ್ನಾಗಿದೆ. ಆ ನರ್ಸಮ್ಮನ ಕಾಲಿಗೆ ಬೀಳಬೇಕು ಅನಿಸುತ್ತದೆ ನನಗೆ. ಆದರೆ ಮೊದಲ ದಿನವೇ 24 ಲಕ್ಷ ಯುನಿಟ್ಟಿನ ಒಂದು ಸೂಜಿ ಬಿದ್ದಿದ್ದರೆ ಮುಗಿದುಹೋಗುತ್ತಿತ್ತು. ಔಷಧಿಗೆ ಬರವಿರಲಿಲ್ಲ, ಬಾಗಿಲಿರಲಿಲ್ಲ ಅಷ್ಟೇ.

ಕಾನೂನು ನಿಮಗೆ ಗೊತ್ತಿದ್ದದ್ದೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನಾವು ಅಪರಾಧಿಗಳಲ್ಲ ಅಂದಿತು. ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ರಂದು, 2017ರ ಎಚ್‌ಐವಿ ಕಾಯ್ದೆ ಜಾರಿಗೆ ಬಂತು. ನಂಬಿ ಹೇಳಿದ ಗುಟ್ಟನ್ನು ಬಯಲು ಮಾಡಬಾರದು ಅನ್ನುವುದು ಅದರ 8ನೇ ಕಲಂ. ಇಪ್ಪತ್ತು ಜನಕ್ಕಿಂತ ಕಡಿಮೆಯಿಲ್ಲದ ಪ್ರತಿ ಆಸ್ಪತ್ರೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು ಅಂತಲೂ ಅದರಲ್ಲಿದೆ. ನಮ್ಮಲ್ಲಿ ಅವರು ಯಾರು? ಗೋಡೆಯ ಮೇಲೆ ಅಂಥ ಹೆಸರು ನಾನಂತೂ ಕಂಡಿಲ್ಲ. 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಮಂಗಳಮುಖಿಯರಿಗೆ ಆಸ್ಪತ್ರೆಗಳಲ್ಲಿ ಸರಿಯಾದ ಚಿಕಿತ್ಸೆ ಕೊಡಿ ಅಂತ ಕೋರ್ಟು ಸರ್ಕಾರಕ್ಕೆ ಹೇಳಿತ್ತು. ನಮ್ಮ ಅಕ್ಕಂದಿರು ಇವತ್ತಿಗೂ ಗಂಡಸರ ಸಾಲಲ್ಲಿ ನಿಲ್ಲಬೇಕೋ ಹೆಂಗಸರ ಸಾಲಲ್ಲೋ ತಿಳಿಯದೆ, ಬಂದ ಆಟೋದಲ್ಲೇ ವಾಪಸ್ ಹೋಗುತ್ತಾರೆ.

ಪೊಲೀಸರ ಮಾತೂ ಒಂದಿದೆ. ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ನನ್ನ ಚೀಲ ಸುರುವಿ, ಕಾಂಡೋಮ್ ಎಣಿಸಿ, "ದಂಧಾ ಮಾಡ್ತೀಯೇನಲೇ" ಅಂತ ಎರಡು ತಾಸು ಕೂಡಿಸಿದ್ದರು. ಗುರುತಿನ ಚೀಟಿ ತೋರಿಸಿದರೂ ಬಿಡಲಿಲ್ಲ. ಸೋಂಕು ತಡೆಯುವ ಈ ಕೆಲಸವನ್ನು ಯಾರೂ ತಡೆಯುವಂತಿಲ್ಲ, ಅಪರಾಧ ಅನ್ನುವಂತಿಲ್ಲ ಅಂತ ಅದೇ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಅದನ್ನು ನಾನು ಹೇಳಿದರೆ ಬೈಗುಳ, ನೀವು ಒಂದು ಮಾತು ಹೇಳಿದರೆ ಸಾಕು.

ಹೋಗಲಿ, ಕೋಣೆಯ ಮಾತಿಗೇ ಬರುತ್ತೇನೆ. ಹಗಲು ಬನ್ನಿ ಅಂದರೆ ನಮ್ಮವರು ಬರುವುದಿಲ್ಲ. ಹಮಾಲಿ ಮಾಡುವವರು, ಹೋಟೆಲಿನಲ್ಲಿ ಇರುವವರು, ಕಟ್ಟಡ ಕೆಲಸದವರು ರಜೆ ಕೇಳಿದರೆ ಯಾಕೆ ಅಂತ ಕೇಳುತ್ತಾರೆ. ಏನು ಹೇಳಬೇಕು? ಕಲಬುರಗಿಗೆ ಹೋಗಿ ಬರೋಣ ಅಂದರೆ ಬಸ್ ಚಾರ್ಜು, ಅದರ ಮೇಲೆ ಆ ದಿನದ ಕೂಲಿ. ತಪ್ಪು ನಡೆದ ರಾತ್ರಿಯಿಂದ 72 ತಾಸಿನೊಳಗೆ ಶುರುಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿ ತಡೆಯುವ ಗುಳಿಗೆ ಇದೆ. ಶನಿವಾರ ರಾತ್ರಿ ಭಯಬಿದ್ದವನು ಸೋಮವಾರ ರಜೆ ಸಿಗದೆ ಮಂಗಳವಾರ ರಾತ್ರಿ ನನ್ನ ಹತ್ತಿರ ಬಂದರೆ ನಾನು ಯಾವ ಬಾಗಿಲು ತಟ್ಟಲಿ?

ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ನಿಮ್ಮ ಕ್ಷೇತ್ರಕ್ಕೂ ಬರುತ್ತದೆ. ನಾನು ಹೊಸ ಕಟ್ಟಡ ಕೇಳುತ್ತಿಲ್ಲ, ಉದ್ಘಾಟನೆ ಕೇಳುತ್ತಿಲ್ಲ. ಹಳೆಯ ದಾಖಲೆ ತುಂಬಿದ ಕೋಣೆಯೊಂದು ಅಲ್ಲಿದೆ. ಅದನ್ನು ತೆರವು ಮಾಡಿಸಿ, ಚಿಲಕ ಹಾಕಿಸಿ, ಹೆಸರು ಕೂಗದೆ ಟೋಕನ್ ನಂಬರಿನಲ್ಲಿ ಕರೆಯಲು ಹೇಳಿ. ಕೌಂಟರಿನಲ್ಲಿರುವವರಿಗೆ, ಡಾಕ್ಟರಿಗೆ ಒಂದು ದಿನದ ತರಬೇತಿ ಕೊಡಿಸಿ. ಹೇಳಿಕೊಡಲು ನಾವೇ ಬರುತ್ತೇವೆ, ದುಡ್ಡು ಬೇಡ. ವಾರಕ್ಕೆ ಎರಡು ಸಂಜೆ, ಐದರಿಂದ ಎಂಟು.

ಆ ಹುಡುಗನಿಗೆ ಸೂಜಿ ಬಿದ್ದು ಆರು ತಿಂಗಳಾಗುತ್ತಾ ಬಂತು. ರೋಗ ಪೂರ್ತಿ ಇಳಿದಿದೆಯೋ ಇಲ್ಲವೋ ನೋಡಲು ಮತ್ತೆ ರಕ್ತ ಕೊಡಬೇಕು. ಆ ಸಾಲಿನಲ್ಲಿ ಇನ್ನೊಮ್ಮೆ ನಿಲ್ಲಲ್ಲ ಅಂದಿದ್ದಾನೆ. ಸಂಜೆ ಕೋಣೆ ಆದರೆ ಬರ್ತೀಯಾ ಅಂದೆ. "ಬರ್ತೀನಣ್ಣಾ" ಅಂದ. ಮುಂದಿನ ತಿಂಗಳೊಳಗೆ ಆಗಬೇಕು ಸಾಹೇಬ್ರೆ.

ಇಂತಿ ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಪೀರ್ ಎಜುಕೇಟರ್
ಕಲಬುರಗಿ ಜಿಲ್ಲೆ