ನಾಲ್ಕು ಲೋಟ, ಐದು ಅದಲುಬದಲು

ಪುಟ್ಟಿ,

ಸೋಮವಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನೀನು ನನ್ನ ಮುಖ ನೋಡಲಿಲ್ಲ. ಬಸ್ಸು ಮರೆಯಾದ ಮೇಲೂ ಕೊಡೆ ಹಿಡಿದು ಅಲ್ಲೇ ನಿಂತಿದ್ದೆ. ಹಿಂದಿನ ರಾತ್ರಿಯದು ಇಬ್ಬರಿಗೂ ಗೊತ್ತು, ಮತ್ತೆ ಕೆದಕುವುದಿಲ್ಲ.

ಆದರೆ ಆ ಲೋಟಗಳು ಮನಸ್ಸಿನಿಂದ ಹೋಗುತ್ತಿಲ್ಲ. ಹೋದ ಮಳೆಗಾಲದ ಮಾತು. ಕರೆಂಟ್ ಹೋಗಿತ್ತು. ನೀನು ಅಡುಗೆಮನೆಯಿಂದ ಲೋಟ ತಂದು ಫ್ಯೂಚರಾಮಾ ಕಾರ್ಟೂನಿನ ಕಥೆ ಹೇಳಿದೆ. ಯಂತ್ರವೊಂದು ಇಬ್ಬರ ಮನಸ್ಸನ್ನು ಅದಲುಬದಲು ಮಾಡುತ್ತದೆ, ಅವೇ ಎರಡು ದೇಹಗಳ ನಡುವೆ ಮಾತ್ರ ಇನ್ನೊಮ್ಮೆ ಆಗುವುದಿಲ್ಲ. ಎಷ್ಟೇ ಜನ ಕಲಸಿಹೋಗಿರಲಿ, ಹೊರಗಿನ ಇಬ್ಬರು ಸೇರಿಕೊಂಡರೆ ಎಲ್ಲರೂ ತಮ್ಮ ದೇಹಕ್ಕೆ ಮರಳಬಹುದು. ಹಾರ್ವರ್ಡ್‌ನಲ್ಲಿ ಗಣಿತದ ಪಿಎಚ್.ಡಿ. ಮಾಡಿದ ಕೆನ್ ಕೀಲರ್ 2010ರ ಆ ಕಂತಿಗೆಂದೇ ಇದನ್ನು ಸಾಧಿಸಿದ್ದು ಎಂದೆ. ನಾನು, "ಕಾರ್ಟೂನ್ ನೋಡಿದರೆ ಹೊಟ್ಟೆ ತುಂಬುತ್ತದಾ?" ಅಂದೆ. ನೀನು ಲೋಟಗಳನ್ನು ಒಂದರೊಳಗೊಂದು ಜೋಡಿಸಿ ಎದ್ದುಹೋದೆ.

ನಿನ್ನೆ ರಾತ್ರಿ ಅವನ್ನೇ ಇಟ್ಟುಕೊಂಡು ಕೂತೆ. ಕಾಫಿ ಬೀಜ, ಕರಿಮೆಣಸು ಅದಲುಬದಲಾಗಿವೆ ಎಂದುಕೊಂಡೆ. ಹೊರಗಿನವರು ಏಲಕ್ಕಿ, ಕಿತ್ತಳೆ ಬೀಜ. ಮೊದಲು ಕಾಫಿ ಲೋಟಕ್ಕೂ ಏಲಕ್ಕಿ ಲೋಟಕ್ಕೂ, ಮೆಣಸಿನ ಲೋಟಕ್ಕೂ ಕಿತ್ತಳೆ ಲೋಟಕ್ಕೂ. ಆಮೇಲೆ ಕಾಫಿ ಲೋಟಕ್ಕೂ ಕಿತ್ತಳೆ ಲೋಟಕ್ಕೂ, ಮೆಣಸಿನ ಲೋಟಕ್ಕೂ ಏಲಕ್ಕಿ ಲೋಟಕ್ಕೂ. ಕಾಫಿ, ಮೆಣಸು ಮನೆ ಸೇರಿದವು! ಕೊನೆಗೆ ಹೊರಗಿನವೆರಡರದ್ದು ಒಂದು. ಐದೇ ಸಲ, ಯಾವ ಜೋಡಿಯೂ ಮತ್ತೆ ಬರಲಿಲ್ಲ. ಅಷ್ಟು ಚೆಂದದ್ದನ್ನು ನೀನು ತೋರಿಸಲು ಬಂದಿದ್ದೆ, ನಾನು ನೋಡಲಿಲ್ಲ.

"ಎರಡು ವರ್ಷದಲ್ಲಿ ಏನೂ ಆಗದಿದ್ದರೆ ವಾಪಸ್ ಬಾ" ಎಂದದ್ದೂ ತಪ್ಪು. ಮುಂದಿನ ಕಾಲದಲ್ಲಿ ನಡೆಯುವ ಸ್ಟಾರ್ ಟ್ರೆಕ್‌ ಧಾರಾವಾಹಿಯ 1989ರ ಕಂತಿನಲ್ಲಿ ಕ್ಯಾಪ್ಟನ್ ಪಿಕಾರ್ಡ್, ಫರ್ಮಾನ ಕೊನೆಯ ಪ್ರಮೇಯ 800 ವರ್ಷವಾದರೂ ಬಿಡಿಸಲಾಗಿಲ್ಲ ಎನ್ನುತ್ತಾನೆ, 1994ರಲ್ಲೇ ಗಣಿತಜ್ಞ ವೈಲ್ಸ್ ಬಿಡಿಸಿಬಿಟ್ಟರು ಎಂದು ನೀನೇ ಹೇಳಿದ್ದೆ. ಗಡುವು ಹಾಕಲು ನಾನ್ಯಾರು? ಆದರೂ ಕೇಳು. 1993ರಲ್ಲಿ ಸಾಧಿಸಿದೆ ಎಂದ ಮೇಲೆ ಅವರಿಗೂ ದೋಷ ಸಿಕ್ಕಿತಲ್ಲ, ಹಳೆಯ ಶಿಷ್ಯನನ್ನು ಜೊತೆಗೆ ಕರೆದುಕೊಂಡರಲ್ಲ. ನಿನಗೆ ಹಾಗಾದರೆ ಬಾಗಿಲು ಹಾಕಿಕೊಂಡು ಕೊರಗಬೇಡ, ಯಾರನ್ನಾದರೂ ಕೇಳು. ರಾತ್ರಿ ಊಟ ಬಿಡಬೇಡ. ಒದ್ದೆ ಬಟ್ಟೆ ಹಾಕಿಕೊಳ್ಳಬೇಡ.

ಸಂತೆಯಲ್ಲಿ ಸಿಕ್ಕವರಿಗೆಲ್ಲ ನನ್ನ ಮಗಳು ಗಣಿತದಲ್ಲಿ ಸಂಶೋಧನೆ ಮಾಡುತ್ತಾಳೆ ಎಂದು ಹೇಳಿದ್ದೇನೆ. ನಿನ್ನೆದುರು ಒಂದು ಸಲವೂ ಹೇಳಲಿಲ್ಲ.

ಇವತ್ತು ಒಂದು ಚೂರು ಶುಂಠಿಯನ್ನೂ ಸೇರಿಸಿ ಮೂವರನ್ನು ಕಲಸಿದೆ. ಶುಂಠಿ ತನ್ನ ಲೋಟಕ್ಕೆ ಬರುತ್ತಲೇ ಇಲ್ಲ. ಭಾನುವಾರ ಫೋನ್ ಮಾಡಿದಾಗ ಎಲ್ಲಿ ತಪ್ಪಿದೆ ಹೇಳಿಕೊಡು.

ಅಪ್ಪ